ಓದುಗರ ಪ್ರಶ್ನೆ: ಮುಚ್ಚಿದ ಮಿಲ್ಲುಗಳ ಒಳಗೆ ನೋಡುವುದೇನು?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಬಾಗಿಲು ಹಾಕಿದ ಜಿನ್ನಿಂಗ್ ಫ್ಯಾಕ್ಟರಿ (ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ), ಶೇಂಗಾ ಎಣ್ಣೆ ಮಿಲ್ಲು, ರೈಸ್ ಮಿಲ್ಲು, ಅದಿರಿನಿಂದ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಘಟಕಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಕಾರ್ಖಾನೆ ಸುರಕ್ಷತೆ ಮತ್ತು ಹಳೆಯ ಕಟ್ಟಡಗಳ ದಾಖಲಾತಿ ಬಲ್ಲ ಬಳಗ ಉತ್ತರಿಸಿದೆ.

ಪ್ರಶ್ನೆ: ನನಗೀಗ 44. ಬ್ಯಾಂಕ್ ಕೆಲಸ. ಊರ ಹೊರಗಿನ ಮುಚ್ಚಿದ ಜಿನ್ನಿಂಗ್ ಫ್ಯಾಕ್ಟರಿ ಮುಂದೆ ಹೋಗುವಾಗೆಲ್ಲ ಗಾಡಿ ನಿಲ್ಲಿಸಿ ಇಣುಕಬೇಕು ಅನ್ನಿಸುತ್ತದೆ. ಮನೆಯವರು “ಹುಡುಗಾಟಕ್ಕೆ ವಯಸ್ಸೇನ್ರೀ ಇದು” ಅಂತಾರೆ. ದೊಡ್ಡವರಿಗೆ ಇದರಲ್ಲಿ ಸಿಗುವುದೇನು?
*ಓದುಗರು, ಬಳ್ಳಾರಿ*

ನಡುವಯಸ್ಸಿನಲ್ಲಿ ಈ ಸೆಳೆತ ಹೆಚ್ಚುವುದಕ್ಕೆ ಕಾರಣವಿದೆ. ಹುಡುಗರಿಗೆ ಪಾಳು ಕಟ್ಟಡವೆಂದರೆ ಕತ್ತಲು, ಧೈರ್ಯ, ಗೆಳೆಯರ ಪಣ. ಸಂಬಳ, ಸಾಲ, ಪಾಳಿ, ಬೋನಸ್ಸು, ಲಾಕೌಟು ಎಲ್ಲ ಕಂಡವರಿಗೆ ಅದೇ ಕಟ್ಟಡ ಓದಲು ಬರುತ್ತದೆ. ಮಾಲು ಎಲ್ಲಿ ಇಳಿಯಿತು, ಎಲ್ಲಿ ತೂಗಿದರು, ಯಾರು ಎಲ್ಲಿ ನಿಂತು ದುಡಿದರು, ಪಗಾರದ ಕಿಟಕಿ ಯಾವ ಕಡೆಗಿತ್ತು ಎಂಬುದೆಲ್ಲ ನೆಲದ ಎತ್ತರದಲ್ಲಿ, ಬಾಗಿಲ ಅಗಲದಲ್ಲಿ, ಗೋಡೆಯ ತೂತುಗಳಲ್ಲಿ ಉಳಿದಿರುತ್ತದೆ. ಯಂತ್ರ ಗುಜರಿಗೆ ಹೋದರೂ ಕೆಲಸದ ದಾರಿ ಕಟ್ಟಡದಲ್ಲಿ ನಿಂತಿರುತ್ತದೆ. ಅದನ್ನು ಹಿಡಿಯುವುದೇ ಈ ಹವ್ಯಾಸದ ನಿಜವಾದ ಸುಖ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ನೀವು ಹೇಳಿದ ಜಿನ್ನಿಂಗ್ ಫ್ಯಾಕ್ಟರಿಯನ್ನೇ ತೆಗೆದುಕೊಳ್ಳಿ. ಗೇಟಿನ ಒಳಗೆ ಬಂದ ಕೂಡಲೇ ತೂಕದ ಕಟ್ಟೆಯ ಗುಂಡಿ, ಪಕ್ಕದಲ್ಲಿ ಒಂದೇ ಕಿಟಕಿಯ ಸಣ್ಣ ಕೋಣೆ. ಅಲ್ಲಿಂದ ಅಂಡಿಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲ, ಇಳಿಸುವ ಕಟ್ಟೆ. ಕಟ್ಟೆಯ ಎತ್ತರ ಅಳೆದು ನೋಡಿ: ಎರಡೂವರೆ ಅಡಿಯ ಆಸುಪಾಸಿದ್ದರೆ ಎತ್ತಿನ ಬಂಡಿಯ ಕಾಲದ್ದಿರಬಹುದು, ನಾಲ್ಕು ಅಡಿ ಮುಟ್ಟಿದರೆ ಲಾರಿ ಬಂದ ಮೇಲೆ ಕಟ್ಟಿದ್ದೋ ಎತ್ತರಿಸಿದ್ದೋ ಆಗಿರುತ್ತದೆ. ಎತ್ತರಿಸಿದ್ದಾದರೆ ಕಲ್ಲಿನ ಮೇಲೆ ಇಟ್ಟಿಗೆಯ ವರಸೆ ಬೇರೆಯಾಗಿಯೇ ಕಾಣುತ್ತದೆ.

ಮುಂದಿನದು ಜಿನ್ ಮನೆ. ಉದ್ದನೆಯ ಹಾಲು, ನಡುವೆ ಓಡಾಡುವ ದಾರಿ, ಎರಡೂ ಬದಿ ಜಿನ್‌ಗಳ ಸಾಲು. ಯಂತ್ರ ಕಿತ್ತು ಒಯ್ದಿದ್ದರೂ ಪ್ರತಿ ಜಿನ್‌ಗೆ ನಾಲ್ಕು ಬೋಲ್ಟಿನ ತುಂಡುಗಳು ನೆಲದಲ್ಲಿ ಉಳಿದಿರುತ್ತವೆ. ಅವನ್ನು ಎಣಿಸಿದರೆ ಎಷ್ಟು ಜಿನ್ ಇದ್ದವು ಎಂಬುದು ಸಿಕ್ಕಿತು. ನಮ್ಮ ಕಡೆಯವು ಬಹುತೇಕ ರೋಲರ್ ಜಿನ್‌ಗಳು. ಒರಟು ಚರ್ಮದ ರೋಲರು ಹತ್ತಿಯ ಎಳೆಯನ್ನು ಹಿಡಿದು ಸ್ಥಿರವಾದ ಅಲಗಿನ ಆಚೆಗೆ ಎಳೆಯುತ್ತದೆ, ಅಲುಗಾಡುವ ಇನ್ನೊಂದು ಅಲಗು ಬೀಜವನ್ನು ಬಡಿದು ಬಿಡಿಸುತ್ತದೆ. ಅರಳೆ ಮುಂದಕ್ಕೆ ಬಂತು, ಹತ್ತಿಕಾಳು ಜಾಲರಿಯಲ್ಲಿ ಕೆಳಕ್ಕೆ ಬಿತ್ತು. 100 ಕಿಲೋ ಹತ್ತಿಯಲ್ಲಿ ಅರಳೆ ಸುಮಾರು 33ರಿಂದ 36 ಕಿಲೋ, ಮಿಕ್ಕಿದ್ದರಲ್ಲಿ ಬಹುಪಾಲು ಕಾಳು. ತೂಕದ ಲೆಕ್ಕದಲ್ಲಿ ಫ್ಯಾಕ್ಟರಿಯಿಂದ ಹೊರಟದ್ದು ಅರಳೆಗಿಂತ ಕಾಳೇ ಹೆಚ್ಚು. ಹಾಗಾಗಿ ಕಾಳಿನ ಗೋದಾಮಿಗೆ ಬೇರೆ ಬಾಗಿಲು, ಬೇರೆ ಗಾಡಿದಾರಿ ಇರುತ್ತದೆ. ಅದನ್ನು ಹುಡುಕಿ. ಎಷ್ಟೋ ಸಲ ಅದೇ ದಾರಿ ಪಕ್ಕದ ಎಣ್ಣೆ ಮಿಲ್ಲಿಗೆ ಹೋಗಿ ಮುಟ್ಟುತ್ತದೆ, ಎರಡಕ್ಕೂ ಒಬ್ಬರೇ ಮಾಲೀಕರಿದ್ದರೆಂದು ಆಗ ಹೊಳೆಯುತ್ತದೆ.

ಜಿನ್‌ಗಳ ಸಾಲಿನ ಉದ್ದಕ್ಕೂ ನೆಲದಡಿ ಒಂದು ಕಾಲುವೆ ಕಂಡರೆ ಅದು ಲೈನ್ ಶಾಫ್ಟಿನದು. ಒಂದೇ ಇಂಜಿನ್ನು, ಒಂದೇ ಉದ್ದ ಶಾಫ್ಟು, ಅದರಿಂದ ಪ್ರತಿ ಜಿನ್‌ಗೆ ಒಂದು ಪಟ್ಟಾ. ಶಾಫ್ಟು ಮೇಲಿದ್ದ ಕಡೆ ಗೋಡೆಯಲ್ಲಿ ಬೇರಿಂಗ್ ಕೂರಿಸಿದ ಕಬ್ಬಿಣದ ಪೆಟ್ಟಿಗೆ, ಅದರ ಕೆಳಗೆ ದಶಕಗಳ ಎಣ್ಣೆ ಇಳಿದ ಕಪ್ಪು ಪಟ್ಟೆ ಇರುತ್ತದೆ. ಎಷ್ಟು ಸಲ ಸುಣ್ಣ ಬಳಿದರೂ ಆ ಪಟ್ಟೆ ಮತ್ತೆ ಮೇಲೆದ್ದು ಬರುತ್ತದೆ. ಪಟ್ಟೆಗಳ ನಡುವಿನ ಅಂತರ ಒಂದೇ ಸಮನಾಗಿದ್ದು ಒಂದು ಕಡೆ ಮಾತ್ರ ತಪ್ಪಿದ್ದರೆ, ಆಮೇಲೆ ಸೇರಿಸಿದ ಅಂಕಣ ಅಲ್ಲಿಂದ ಶುರುವಾಗಿದೆ ಎಂದು ತಿಳಿಯಬಹುದು.

ಕೊನೆಗೆ ಅರಳೆಯನ್ನು ಒತ್ತಿ ಬೇಲ್ ಕಟ್ಟುವ ಪ್ರೆಸ್ ಮನೆ. ಬೆಂಕಿಯ ಹೆದರಿಕೆಗೆ ಅದನ್ನು ಜಿನ್ ಮನೆಯಿಂದ ದೂರ ಕಟ್ಟುತ್ತಿದ್ದರು. ನಡುವೆ ಬಯಲು, ನೀರಿನ ತೊಟ್ಟಿ, ಕಬ್ಬಿಣದ ಬಾಗಿಲು. ಇಂದಿಗೂ ನಮ್ಮ ದೇಶದ ಬೇಲ್ ಎಂದರೆ 170 ಕಿಲೋ. ಅಷ್ಟು ಭಾರದ ಬೇಲನ್ನು ಹಮಾಲರು ಎಷ್ಟು ದೂರ ಉರುಳಿಸಬೇಕಿತ್ತು ಎಂದು ಪ್ರೆಸ್ ಬಾಗಿಲಿಂದ ಲೋಡಿಂಗ್ ಕಟ್ಟೆಯವರೆಗೆ ನೀವೇ ನಡೆದು ನೋಡಿ. ಕಟ್ಟಡ ಕಟ್ಟಿಸಿದವರು ದುಡಿಯುವವರ ಬೆನ್ನಿನ ಬಗ್ಗೆ ಎಷ್ಟು ಯೋಚಿಸಿದ್ದರು ಎಂಬುದಕ್ಕೆ ಆ ದೂರದಷ್ಟು ನೇರವಾದ ಸಾಕ್ಷಿ ಇನ್ನೊಂದಿಲ್ಲ.

ಇದರಲ್ಲಿ ಹುಡುಗಾಟ ಏನೂ ಇಲ್ಲ ಎಂದು ಮನೆಯವರಿಗೆ ಹೇಳಿ. ಸಾಧ್ಯವಾದರೆ ಅವರನ್ನೂ ಕರೆದೊಯ್ಯಿರಿ, ಆದರೆ ಮುಂದಿನ ಎರಡು ಉತ್ತರ ಓದಿದ ಮೇಲೆ.

ಪ್ರಶ್ನೆ: ಗೇಟಿಗೆ ಬ್ಯಾಂಕಿನ ನೋಟಿಸು ಅಂಟಿಸಿದ್ದಾರೆ. ವಾಚ್‌ಮನ್ ಇದ್ದರೂ ಹಿಂದಿನ ಗೋಡೆ ಬಿದ್ದಿದೆ, ಯಾರು ಬೇಕಾದರೂ ಹೋಗಿ ಬರುತ್ತಾರೆ. ಬರೀ ಫೋಟೋ ತೆಗೆದರೆ ತಪ್ಪೇ? ಒಪ್ಪಿಗೆ ಯಾರ ಹತ್ತಿರ ಕೇಳಬೇಕು?
*ಶಿಕ್ಷಕರು, ಸಿಂಧನೂರು*

ಬಿದ್ದ ಗೋಡೆ ಒಪ್ಪಿಗೆಯಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ, ಕಟ್ಟಡದೊಳಗೆ ಹೊಕ್ಕರೆ 1 ವರ್ಷದವರೆಗೆ ಸೆರೆ, ಅಥವಾ ₹5,000ವರೆಗೆ ದಂಡ, ಅಥವಾ ಎರಡೂ ಇವೆ. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಇಲ್ಲವೇ ಕಿರುಕುಳ ಕೊಡುವ ಉದ್ದೇಶ ಇರಬೇಕು ಎಂದು ಕಲಮು ಹೇಳುತ್ತದೆ, ನಿಜ. ಆದರೆ ತಾಮ್ರದ ತಂತಿ ಕಳುವಾದ ಮರುದಿನ ಕ್ಯಾಮೆರಾ ಹಿಡಿದು ಒಳಗೆ ಸಿಕ್ಕವರು ತಮ್ಮ ಉದ್ದೇಶವನ್ನು ಠಾಣೆಯಲ್ಲಿ ಕೂತು ವಿವರಿಸಬೇಕಾಗುತ್ತದೆ. ನಿಮ್ಮಂಥ ನೌಕರಿಯವರಿಗೆ ಅದು ಬೇಡದ ತಲೆನೋವು.

ಒಪ್ಪಿಗೆ ಪಡೆಯುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಗೇಟಿನ ನೋಟಿಸನ್ನು ಪೂರ್ತಿ ಓದಿ. ಸಾಲ ತೀರದಾಗ ಒತ್ತೆಯ ಆಸ್ತಿ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸ್ವಾಧೀನಕ್ಕೆ ಪಡೆದಿದ್ದರೆ ಅದರಲ್ಲಿ ಬ್ಯಾಂಕಿನ ಹೆಸರು, ಅಧಿಕೃತ ಅಧಿಕಾರಿಯ ಸಹಿ, ಸರ್ವೆ ನಂಬರು, ಚಕ್ಕುಬಂದಿ ಇರುತ್ತವೆ. ಪತ್ರ ಆ ಅಧಿಕಾರಿಗೆ ಹೋಗಬೇಕು, ಹಳೆಯ ಮಾಲೀಕರಿಗಲ್ಲ. ಕಂಪನಿ ದಿವಾಳಿಯಾಗಿದ್ದರೆ 2016ರ ದಿವಾಳಿ ಸಂಹಿತೆಯಡಿ ನೇಮಕವಾದ, ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್ ಇರುತ್ತಾರೆ. ಅದಕ್ಕೂ ಹಿಂದೆ ಹೈಕೋರ್ಟು ಮುಚ್ಚಿಸಿದ ಕಂಪನಿಯಾದರೆ ಬೆಂಗಳೂರಿನ ಅಧಿಕೃತ ಸಮಾಪಕರ ಕಚೇರಿಗೆ ಬರೆಯಬೇಕು. ನೋಟಿಸೇ ಇಲ್ಲದಿದ್ದರೆ ಸ್ಥಳದಲ್ಲಿ ನಿಂತು ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ನೋಡಿ, ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಿರಿ. ಊರೊಳಗಿನ ಆಸ್ತಿಯಾದರೆ ನಗರಸಭೆಯ ಖಾತೆ, ಕೈಗಾರಿಕಾ ಪ್ರದೇಶದ ನಿವೇಶನವಾದರೆ ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಚೇರಿ. ಹಂಚಿಕೊಳ್ಳದ ಅಣ್ಣತಮ್ಮಂದಿರ ಹೆಸರುಗಳು ಪಹಣಿಯಲ್ಲಿ ಸಾಲಾಗಿದ್ದರೆ, ಸದ್ಯ ಬೀಗದ ಕೈ ಯಾರ ಹತ್ತಿರವಿದೆಯೋ ಅವರಿಂದ ಶುರುಮಾಡಿ.

ಪತ್ರ ಒಂದೇ ಪುಟ ಸಾಕು. ಯಾರು, ಎಷ್ಟು ಜನ, ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಫೋಟೋ ಎಲ್ಲಿ ಬಳಸುತ್ತೀರಿ, ಯಾವ ವಸ್ತುವನ್ನೂ ಮುಟ್ಟುವುದಿಲ್ಲ, ಗಾಯವಾದರೆ ಜವಾಬ್ದಾರಿ ನಿಮ್ಮದೇ. ಆಧಾರ್ ಪ್ರತಿ ಲಗತ್ತಿಸಿ. “ನಾಲ್ಕು ಜನ, ಬೆಳಿಗ್ಗೆ 7ರಿಂದ 10” ಎಂದು ಖಚಿತವಾಗಿ ಬರೆದ ಪತ್ರಕ್ಕೆ ಉತ್ತರ ಬರುತ್ತದೆ, “ಒಮ್ಮೆ ನೋಡಲು ಅವಕಾಶ ಕೊಡಿ” ಎಂಬುದಕ್ಕೆ ಬರುವುದಿಲ್ಲ.

ವಾಚ್‌ಮನ್‌ಗೆ ಕಾಸು ಕೊಟ್ಟು ಒಳಹೋಗುವ ರೂಢಿ ನಮಗೆ ಇಷ್ಟವಿಲ್ಲ. ಮೇಲಿನವರಿಗೆ ತಿಳಿದರೆ ನೌಕರಿ ಹೋಗುವುದು ಅವರದು. ಮಾಲೀಕರ ಪತ್ರ ಕೈಯಲ್ಲಿ ಹಿಡಿದು, “ಕಾಕಾ, ನೀವೂ ಜೊತೆಗೆ ಬರ್ರಿ, ಎಲ್ಲಿ ಏನಿತ್ತು ತೋರಸ್ರಿ” ಎಂದು ಕರೆದು ನೋಡಿ. ಇಂಥ ಕಡೆ ಕಾವಲಿರುವವರಲ್ಲಿ ಅದೇ ಮಿಲ್ಲಿನಲ್ಲಿ ಫಿಟ್ಟರ್, ಫೈರ್‌ಮನ್, ಹಮಾಲಿ ಆಗಿದ್ದವರು ಇರುತ್ತಾರೆ. ಕದ್ದು ಹೋದವರಿಗೆ ಗೋಡೆ ಸಿಗುತ್ತದೆ, ಕೇಳಿ ಹೋದವರಿಗೆ ಆ ಗೋಡೆಯ ಮುಂದೆ ದುಡಿದವರೂ ಸಿಗುತ್ತಾರೆ.

ಪ್ರಶ್ನೆ: ಗಂಗಾವತಿ ಸುತ್ತ ನಿಂತುಹೋದ ರೈಸ್ ಮಿಲ್ಲುಗಳನ್ನು ನೋಡಲು ನಾವು ಮೂವರು ಗೆಳೆಯರು ಹೊರಟಿದ್ದೇವೆ, ಒಪ್ಪಿಗೆ ಸಿಕ್ಕಿದೆ. ಒಳಗೆ ನಿಜವಾದ ಅಪಾಯ ಯಾವುದು? ಹಾವು ಚೇಳಿನ ಭಯ ಬಿಟ್ಟು ಹೇಳಿ.
*ಓದುಗರು, ಕಾರಟಗಿ*

ಹಾವನ್ನು ಬಿಡಲಾಗುವುದಿಲ್ಲ, ಕೊನೆಗೆ ಹೇಳುತ್ತೇವೆ. ಮೊದಲನೆಯ ಅಪಾಯ ನೆಲ.

ಮಿಲ್ಲು ನಿಂತ ಮೇಲೆ ಮೊದಲು ಕಳುವಾಗುವುದು ಸುಲಭವಾಗಿ ಎತ್ತಿ ಒಯ್ಯಬಹುದಾದ ಕಬ್ಬಿಣ: ಗುಂಡಿಯ ಮುಚ್ಚಳ, ಜಾಲರಿ, ಮೆಟ್ಟಿಲ ಹಲಗೆ, ಕೈ ಹಿಡಿಯುವ ಕಂಬಿ. ಭತ್ತ ಮೇಲೆತ್ತುವ ಪ್ರತಿ ಎಲಿವೇಟರಿನ ಬುಡದಲ್ಲಿ ಗುಂಡಿ ಇರುತ್ತದೆ. ಮುಚ್ಚಳ ಹೋದ ಗುಂಡಿಯ ಮೇಲೆ ಹರಿದ ಗೋಣಿಚೀಲ, ಹೊಟ್ಟು, ಧೂಳು ಕೂತು ಸುತ್ತಲಿನ ನೆಲದ ಬಣ್ಣವೇ ಬರುತ್ತದೆ. ಹೀಗಾಗಿ ಒಂದು ಗಟ್ಟಿ ಬಿದಿರು ಕೋಲು ಕೈಯಲ್ಲಿರಲಿ, ಹೆಜ್ಜೆಗೆ ಮುಂಚೆ ಕೋಲು ಕುಟ್ಟಿ. ಗೋಣಿ, ಪ್ಲೈವುಡ್ಡು, ತಗಡು ಬಿದ್ದ ಜಾಗದ ಮೇಲೆ ಕಾಲಿಡಲೇಬೇಡಿ, ಸುತ್ತಿ ಹೋಗಿ. ಹಳೆಯ ಹಲಗೆಗಳ ಮೊಳೆ ಮೇಲ್ಮುಖವಾಗಿರುತ್ತವೆ. ಚಪ್ಪಲಿ, ಕ್ರೀಡಾ ಬೂಟು ಎರಡೂ ಬೇಡ, ಉಕ್ಕಿನ ತಳವಿರುವ ಐಎಸ್‌ಐ ಗುರುತಿನ ಸೇಫ್ಟಿ ಶೂ ಬೇಕು. ಟಿಟಿ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು.

ಎರಡನೆಯದು ಮೇಲ್ಛಾವಣಿ. ಸಿಮೆಂಟ್ ಶೀಟಿನ ದಪ್ಪ 6 ಮಿಲಿಮೀಟರ್ ಅಷ್ಟೇ. ವರ್ಷಗಳ ಬಿಸಿಲಿಗೆ ಅದು ಹಪ್ಪಳದಂತೆ ಮುರಿಯುತ್ತದೆ. ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನೂ ಆಗುವುದಿಲ್ಲ ಎಂಬ ನಂಬಿಕೆಯಿಂದ ಬಿದ್ದು ಸತ್ತವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬೆಳಕಿಗಾಗಿ ನಡುವೆ ಹಾಕಿದ ಪ್ಲಾಸ್ಟಿಕ್ ಶೀಟು ಧೂಳು ಹಿಡಿದು ಸಿಮೆಂಟಿನ ಹಾಗೇ ಕಾಣುತ್ತದೆ. ಛಾವಣಿ ಏರುವುದು ಬೇಡವೇ ಬೇಡ. ಈ ಶೀಟುಗಳಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ. ಇಡಿಯಾಗಿರುವ ಶೀಟು ಅಷ್ಟು ತೊಂದರೆ ಕೊಡುವುದಿಲ್ಲ, ಒಡೆದ ಚೂರುಗಳನ್ನು ತುಳಿದಾಗ, ಗುಡಿಸಿದಾಗ ಏಳುವ ಕಣ್ಣಿಗೆ ಕಾಣದ ಎಳೆ ಶ್ವಾಸಕೋಶದಲ್ಲಿ ಕೂತರೆ ದಶಕಗಳ ನಂತರ ಕಾಯಿಲೆಯಾಗುತ್ತದೆ. ಚೂರು ಹರಡಿದ ಅಂಕಣವನ್ನು ಬಿಟ್ಟುಬಿಡಿ. ಬೇರೆ ಧೂಳಿಗೆ ಎನ್95 ಮಾಸ್ಕು ಸಾಕು, ಮೂಗಿನ ತಂತಿ ಒತ್ತಿ ಕೂರಿಸಿಕೊಳ್ಳಬೇಕು. ಗಡ್ಡದ ಮೇಲೆ ಅದು ಸರಿಯಾಗಿ ಕೂರುವುದಿಲ್ಲ.

ಮೂರನೆಯದು ಗಾಳಿ. ಭತ್ತ ನೆನೆಸುವ ತೊಟ್ಟಿ, ಎಣ್ಣೆ ಟ್ಯಾಂಕು, ಬಾಯ್ಲರಿನ ಒಡಲು, ನೆಲಮಾಳಿಗೆಯ ಗುಂಡಿ: ಇವುಗಳೊಳಗೆ ತಲೆಯನ್ನೂ ಹಾಕಬಾರದು. ಕೊಳೆತ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೇ ತಿಳಿಯುವುದಿಲ್ಲ. ಏನೂ ಇಲ್ಲದ ಖಾಲಿ ಉಕ್ಕಿನ ಟ್ಯಾಂಕಿನಲ್ಲೂ ತುಕ್ಕು ಹಿಡಿಯುತ್ತಲೇ ಗಾಳಿಯ ಆಮ್ಲಜನಕ ಮುಗಿಯುತ್ತದೆ. ಮಾಮೂಲಿ ಗಾಳಿಯಲ್ಲಿ ಅದು ಶೇ 20.9, ಶೇ 19.5ಕ್ಕಿಂತ ಕೆಳಗಿಳಿದರೆ ಅಪಾಯವೆಂದು ಲೆಕ್ಕ. ಒಬ್ಬರು ಒಳಗೆ ಬಿದ್ದರೆಂದು ಇನ್ನೊಬ್ಬರು ಇಳಿಯುವುದೇ ಸಾವು ಎರಡಾಗುವ ದಾರಿ. ಮೇಲಿಂದಲೇ ಕೂಗಿ, 112ಕ್ಕೆ ಕರೆ ಮಾಡಿ. ತೌಡಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕವಾದರೆ ಇನ್ನೂ ಒಂದು ಮಾತು: ಅಲ್ಲಿ ಎಣ್ಣೆ ಕರಗಿಸಲು ಬಳಸುತ್ತಿದ್ದ ಹೆಕ್ಸೇನ್ ಎಂಬ ದ್ರಾವಕದ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 1ಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬೀಡಿ, ಸಿಗರೇಟು, ಲೈಟರು ಗೇಟಿನ ಹೊರಗೇ ಉಳಿಯಲಿ.

ಹೊಟ್ಟಿನ ಬೂದಿಯ ರಾಶಿ ಹೊಸಬರಿಗೆ ಗೊತ್ತಿರುವುದಿಲ್ಲ. ನಡೆಯುತ್ತಿರುವ ಪಕ್ಕದ ಮಿಲ್ಲಿನವರು ಮುಚ್ಚಿದ ಆವರಣದಲ್ಲಿ ಬೂದಿ ಸುರಿಯುವುದುಂಟು. ಮೇಲೆ ತಣ್ಣಗೆ ಬೂದುಬಣ್ಣ, ಒಳಗೆ ದಿನಗಟ್ಟಲೆ ಕೆಂಡ. ಹಗುರ ಬೂದಿಯಲ್ಲಿ ಕಾಲು ಮೊಣಕಾಲವರೆಗೆ ಇಳಿಯುತ್ತದೆ. ಹತ್ತಿರ ಹೋಗಬೇಡಿ.

ಇನ್ನು ಗೋಡೆಗಳು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅಡಿಪಾಯ ಆಳವಿಲ್ಲದ ಗೋಡೆ ವರ್ಷಕ್ಕೊಮ್ಮೆ ಎದ್ದು ಕೂತು ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಸೀಳಿನಲ್ಲಿ ಪೆನ್ಸಿಲ್ ತೂರಿದರೆ ಆ ಗೋಡೆಯ ಎತ್ತರದಷ್ಟು ದೂರ ನಿಲ್ಲಿ. ಸೀಳಿನ ಅಂಚು ಧೂಳು ಹಿಡಿದು ಮಾಸಿದ್ದರೆ ಹಳೆಯದು, ಇಟ್ಟಿಗೆಯ ಕೆಂಪು ತಾಜಾ ಕಂಡರೆ ಈಗಲೂ ಸರಿಯುತ್ತಿದೆ. ಛಾವಣಿ ಹೊತ್ತ ಕಬ್ಬಿಣದ ಕೈಮರಗಳಲ್ಲಿ ಗ್ಯಾಸ್ ಕಟ್ಟರಿನ ಹೊಸ ಗುರುತು ಕಂಡರೆ, ಬೋಲ್ಟಿಲ್ಲದ ತೂತು ಕಂಡರೆ ಆ ಕ್ಷಣ ಹೊರಗೆ ಬನ್ನಿ. ಗುಜರಿಯವರು ಅಡ್ಡಪಟ್ಟಿ ಕತ್ತರಿಸಿ ಒಯ್ದ ಮೇಲೆ ಛಾವಣಿ ನಿಂತಿರುವುದು ಅಭ್ಯಾಸಬಲದಿಂದ. ಮಳೆಗಾಲದಲ್ಲಿ, ಮಳೆ ನಿಂತ ಮೊದಲ ಕೆಲವು ವಾರಗಳಲ್ಲಿ ಎರೆ ಸೀಮೆಯ ಮಿಲ್ಲುಗಳಿಗೆ ಹೋಗದಿರುವುದು ವಾಸಿ. ನವೆಂಬರ್ ನಡುವಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನಡಿಯ ಕಾವು ಹೊರಗಿನದಕ್ಕಿಂತ ಹೆಚ್ಚು, ಹೋಗಲೇಬೇಕಾದರೆ ಬೆಳಿಗ್ಗೆ 9ರೊಳಗೆ ಮುಗಿಸಿ.

ವಿದ್ಯುತ್ತು ಕಡಿದಿರುತ್ತದೆ ಎಂದುಕೊಳ್ಳಬೇಡಿ. ಜೆಸ್ಕಾಂ ಮೀಟರು ಕಿತ್ತು ಒಯ್ದಿದ್ದರೂ ಆವರಣದ ಮೇಲೆ ಹಾದ ಹೈಟೆನ್ಷನ್ ತಂತಿ ಜೀವಂತವಿರಬಹುದು, ಯಾರೋ ಕೊಕ್ಕೆ ಹಾಕಿ ಬೋರಿಗೆ ಎಳೆದಿರಬಹುದು. ಜೋತುಬಿದ್ದ ಯಾವ ತಂತಿಯನ್ನೂ, ಅದು ತಾಗಿದ ತಗಡನ್ನೂ ಮುಟ್ಟಬಾರದು.

ಹೆಜ್ಜೇನು, ಹಾವುಗಳ ವಿಷಯಕ್ಕೆ ಬಂದರೆ ನಾವು ಹೆಚ್ಚು ಹೆದರುವುದು ಹೆಜ್ಜೇನಿಗೆ. ನೀರಿನ ಟ್ಯಾಂಕಿನ ಅಡಿ, ಚಿಮಣಿಯ ಕತ್ತು, ಕ್ರೇನಿನ ತೊಲೆಗಳಲ್ಲಿ ಅವು ಕಟ್ಟುತ್ತವೆ. ಗೇಟಿನಲ್ಲೇ ನಿಂತು ಕಟ್ಟಡದ ಎತ್ತರದ ಅಂಚುಗಳನ್ನೆಲ್ಲ ಒಮ್ಮೆ ನೋಡಿ. ಜೇನುತಟ್ಟೆ ಕಂಡರೆ ಅವತ್ತಿನ ಕಾರ್ಯಕ್ರಮ ಅಲ್ಲಿಗೆ ಬಿಡಿ, ಡ್ರೋನ್ ಅಂತೂ ಹಾರಿಸಲೇಬೇಡಿ. ಎದ್ದವೆಂದರೆ ಮುಖ ಮುಚ್ಚಿಕೊಂಡು ಕಾರಿನೊಳಗೋ ಬಾಗಿಲಿರುವ ಕೋಣೆಗೋ ಓಡಬೇಕು. ಹಾವು ತಂಪು ಹುಡುಕಿ ತಗಡು, ಗೋಣಿ, ಇಟ್ಟಿಗೆ ರಾಶಿಯಡಿ ಇರುತ್ತದೆ. ಕೈಯಿಂದ ಏನನ್ನೂ ಎತ್ತಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟುಕೊಂಡು 108ರಲ್ಲಿ ಕೊಪ್ಪಳ, ರಾಯಚೂರು ಇಲ್ಲವೇ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಸಾಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

ಮೂವರು ಹೋಗುವುದು ಸರಿಯಾದ ಲೆಕ್ಕ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಲು, ಇನ್ನೊಬ್ಬರು ಸಹಾಯ ಕರೆಯಲು. ತಲೆಗೆ ಹೆಲ್ಮೆಟ್ಟು, ಹಣೆಗೆ ಒಂದು ಟಾರ್ಚು, ಜೇಬಿನಲ್ಲಿ ಇನ್ನೊಂದು, ತಲಾ 3 ಲೀಟರ್ ನೀರು. ಎಲ್ಲಿಗೆ ಹೋಗಿದ್ದೀರಿ, ಎಷ್ಟೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ.

ಪ್ರಶ್ನೆ: ನಮ್ಮ ಓಣಿಯ ಹಳೆ ಮಿಲ್ಲಿನ ಹಂಚಿನ ಮೇಲೆ 1865 ಎಂದಿದೆ. ಅಷ್ಟು ಹಳೆಯದೇ? ವಯಸ್ಸು ಪತ್ತೆ ಮಾಡುವುದು ಹೇಗೆ?
*ಓದುಗರು, ರಾಯಚೂರು*

1865 ಎಂಬುದು ಮಂಗಳೂರಿನ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಅದನ್ನು ಅವರು ಮುದ್ರೆಯಾಗಿ ಒತ್ತುತ್ತಿದ್ದರು, ಹಂಚು ಸುಟ್ಟ ವರ್ಷಕ್ಕೂ ಅದಕ್ಕೂ ಸಂಬಂಧವಿಲ್ಲ. ರಾಯಚೂರಿಗೆ ರೈಲು ಮುಟ್ಟಿ ಮುಂಬೈ, ಮದ್ರಾಸು ಎರಡೂ ಕಡೆಯ ಹಳಿ ಕೂಡಿದ್ದು 1871ರಲ್ಲಿ. ಅದಕ್ಕೆ ಮೊದಲು ಆ ಹಂಚು ಬಂಡಿಯಲ್ಲಿ ಇಲ್ಲಿಗೆ ಬಂದಿತೆಂದು ನಂಬುವುದು ಕಷ್ಟ. ಹಂಚು ಬದಲಾಯಿಸುವ ವಸ್ತು ಎಂಬುದನ್ನೂ ಮರೆಯಬಾರದು. ಬೇರೆ ಮಿಲ್ಲು ಕೆಡವಿದಾಗ ಬಂದದ್ದೂ ಇರಬಹುದು.

ಇದಕ್ಕಿಂತ ನಂಬಬಹುದಾದದ್ದು ಉಕ್ಕಿನ ತೊಲೆ. ಅದರ ನಡುಪಟ್ಟಿಯಲ್ಲಿ ತಯಾರಕರ ಹೆಸರು ಉಬ್ಬಿಕೊಂಡಿರುತ್ತದೆ. ಟಾರ್ಚನ್ನು ಎದುರಿಗೆ ಹಿಡಿಯದೆ ತೊಲೆಯ ಉದ್ದಕ್ಕೆ ಓರೆಯಾಗಿ ಹಿಡಿದರೆ ಬಣ್ಣದಡಿಯ ಅಕ್ಷರವೂ ಎದ್ದು ಕಾಣುತ್ತದೆ. ಡಾರ್ಮನ್ ಲಾಂಗ್, ಮಿಡಲ್ಸ್‌ಬರೋ ಎಂದಿದ್ದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಟಾಟಾ ಎಂದಿದ್ದರೆ 1912ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಜಮ್‌ಶೆಡ್‌ಪುರದಲ್ಲಿ ಉಕ್ಕು ಬಂದದ್ದೇ ಆ ವರ್ಷ. ಹಳೆಯ ರೈಲು ಹಳಿಯನ್ನೇ ಕಂಬ ಮಾಡಿರುವ ಕಡೆ ಹಳಿಯ ಬದಿಯಲ್ಲಿ ಕಂಪನಿಯ ಜೊತೆಗೆ ಇಸವಿಯೂ ಇರುತ್ತದೆ. ಅದು ಹಳಿ ಮಾಡಿದ ವರ್ಷ, ಕಟ್ಟಡ ಅದಕ್ಕಿಂತ ಈಚಿನದು. ಬಾಯ್ಲರ್ ಉಳಿದಿದ್ದರೆ ಅದೃಷ್ಟ: 2025ರವರೆಗೆ ಜಾರಿಯಲ್ಲಿದ್ದ 1923ರ ಬಾಯ್ಲರ್ ಕಾಯ್ದೆಯಡಿ ಪ್ರತಿ ಬಾಯ್ಲರಿಗೂ ನೋಂದಣಿ ಸಂಖ್ಯೆ ಕೆತ್ತಬೇಕಿತ್ತು, ಅದರಿಂದ ಬಾಯ್ಲರ್ ಇಲಾಖೆಯ ಕಡತ ಹಿಡಿಯಬಹುದು.

ಕಾಗದಪತ್ರ ಹುಡುಕುವವರು ಒಂದು ವಿಷಯ ನೆನಪಿಡಬೇಕು. ರಾಯಚೂರು, ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನದು. ಸಂಡೂರು 1949ರವರೆಗೆ ಬೇರೆಯೇ ಸಂಸ್ಥಾನ. ಹಾಗಾಗಿ ನಿಮ್ಮ ಮಿಲ್ಲಿನ ಮೊದಲ ಲೈಸೆನ್ಸನ್ನು ಬೆಂಗಳೂರಿನಲ್ಲಿ ಹುಡುಕಿ ಫಲವಿಲ್ಲ, ಹೈದರಾಬಾದಿನ ಪತ್ರಾಗಾರಕ್ಕೆ ಹೋಗಬೇಕು, ಉರ್ದು ಓದಬಲ್ಲವರನ್ನು ಜೊತೆಗೆ ಕರೆದುಕೊಂಡು. ಬಳ್ಳಾರಿಯವರಿಗೆ ಚೆನ್ನೈ ದಾರಿ. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ, ಅದಕ್ಕೂ ಹಿಂದಿನ ಜಿಲ್ಲಾಮಟ್ಟದ ಕಡತ ರಾಯಚೂರಿನ ಹೆಸರಿನಲ್ಲಿರುತ್ತದೆ.

ಪ್ರಶ್ನೆ: ಮುಚ್ಚಿದ ಸ್ಪಾಂಜ್ ಐರನ್ ಫ್ಯಾಕ್ಟರಿಯ ದೊಡ್ಡ ಕಿಲ್ನ್ ಒಳಗೆ ಹೋಗಿ ಫೋಟೋ ತೆಗೆಯಬಹುದೇ? ಹಟ್ಟಿಯ ಹಳೆ ಚಿನ್ನದ ಗುಂಡಿಗಳಿಗೂ ಹೋಗುವ ಆಸೆ.
*ವಿದ್ಯಾರ್ಥಿ, ಗಿಣಿಗೇರಾ*

ಎರಡಕ್ಕೂ ಬೇಡ ಎಂದೇ ನಮ್ಮ ಉತ್ತರ. ಕಿಲ್ನ್ ಎಂದರೆ ಒಳಗೆ ಶಾಖನಿರೋಧಕ ಇಟ್ಟಿಗೆ ಹೊದಿಸಿದ ಉದ್ದನೆಯ ಉಕ್ಕಿನ ಕೊಳವೆ. ತಣಿದು ನಿಂತ ಮೇಲೆ ಇಟ್ಟಿಗೆಗಳ ಬಿಗಿ ಸಡಿಲವಾಗಿ ನೆತ್ತಿಯ ಭಾಗದಿಂದ ಕಳಚಿ ಬೀಳುತ್ತವೆ. ಆವರಣದಲ್ಲಿ ಬಿಟ್ಟುಹೋದ ಸ್ಪಾಂಜ್ ಐರನ್ ಪುಡಿಯ ರಾಶಿ ತೇವ ತಗುಲಿದರೆ ತಾನೇ ಕಾಯುತ್ತದೆ, ಹೈಡ್ರೋಜನ್ ಬಿಡುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಸೋರಿದ ಎಣ್ಣೆಯನ್ನೂ ಮುಟ್ಟಬಾರದು. ಸಾರ್ವಜನಿಕ ರಸ್ತೆಯಿಂದ, ಸಂಜೆಯ ಓರೆ ಬಿಸಿಲಿನಲ್ಲಿ ಕಿಲ್ನಿನ ಹೊರಮೈ, ಅದನ್ನು ತಿರುಗಿಸುತ್ತಿದ್ದ ಹಲ್ಲುಚಕ್ರ, ಅದು ಹೊರಳುತ್ತಿದ್ದ ಉಂಗುರ ಚೆನ್ನಾಗಿ ಸಿಗುತ್ತವೆ. 200 ಮಿಲಿಮೀಟರ್ ಲೆನ್ಸು ಇದ್ದರೆ ಸಾಕು.

ಹಟ್ಟಿಯಲ್ಲಿ ಸುಮಾರು 2,000 ವರ್ಷದ ಹಿಂದೆಯೇ ಬಂಡೆ ಕಾಯಿಸಿ ಒಡೆದು ಅಗೆದ ಹಳೆಯ ಗಣಿಗಳಿವೆ, ಈಗಲೂ ಸರ್ಕಾರಿ ಕಂಪನಿ ಅಲ್ಲಿ ಚಿನ್ನ ತೆಗೆಯುತ್ತಿದೆ. ಹಳೆ ಗುಂಡಿಯ ಬಾಯಿಯ ಸುತ್ತ ಎಷ್ಟು ದೂರ ಪೊಳ್ಳಿದೆ ಎಂದು ಮೇಲಿಂದ ತಿಳಿಯುವುದಿಲ್ಲ. ಅದಿರು ಅರೆದು ಬಿಟ್ಟ ಮಣ್ಣಿನ ದಿಬ್ಬಗಳಲ್ಲಿ ಆರ್ಸೆನಿಕ್ ಇರುತ್ತದೆ, ಅದರ ಧೂಳು ಒಳ್ಳೆಯದಲ್ಲ. ಕಾಲೇಜಿನ ಮೂಲಕ ಕಂಪನಿಗೆ ಪತ್ರ ಬರೆದು ತಂಡವಾಗಿ ಹೋಗುವುದೊಂದೇ ದಾರಿ.

ಪ್ರಶ್ನೆ: ಒಳಗೆ ತೆಗೆದ ಫೋಟೋಗಳಲ್ಲಿ ಕಿಟಕಿ ಬೆಳ್ಳಗೆ, ಉಳಿದದ್ದು ಕಪ್ಪು. ಏನು ಮಾಡಬೇಕು?
*ಓದುಗರು, ಹೊಸಪೇಟೆ ರಸ್ತೆ, ಕೊಪ್ಪಳ*

ಟ್ರೈಪಾಡ್ ಇಲ್ಲದೆ ಆಗದು. ಐಎಸ್‌ಒ 100, ಎಫ್8, ಮೂರು ಚಿತ್ರ: ಒಂದು ಮಾಮೂಲಿ, ಇನ್ನೊಂದು ಎರಡು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ, ಮತ್ತೊಂದು ಎರಡು ಸ್ಟಾಪ್ ಹೆಚ್ಚು. ಆಮೇಲೆ ಕೂಡಿಸಿ. ಮೊಬೈಲಾದರೆ ಗೋಡೆಗೆ ಆನಿಸಿ 2 ಸೆಕೆಂಡಿನ ಟೈಮರ್ ಇಡಿ, ಪರದೆಯಲ್ಲಿ ಕಿಟಕಿಯನ್ನು ಒತ್ತಿ ಬೆಳಕು ಇಳಿಸಿಕೊಳ್ಳಿ. ಗರಗಸದ ಹಲ್ಲಿನಂಥ ಛಾವಣಿಯ ಮಿಲ್ಲುಗಳಲ್ಲಿ ಗಾಜು ಸಾಮಾನ್ಯವಾಗಿ ಉತ್ತರಕ್ಕಿರುತ್ತದೆ, ನೇರ ಬಿಸಿಲು ಯಂತ್ರದ ಮೇಲೆ ಬೀಳಬಾರದೆಂದು ಹಾಗೆ ಕಟ್ಟಿದ್ದು. ಅಲ್ಲಿ ನಡುಹಗಲಲ್ಲೂ ಮೆತ್ತನೆಯ ಬೆಳಕು ಸಿಗುತ್ತದೆ. ಫ್ಲ್ಯಾಶ್ ಬೇಡ, ಧೂಳಿನ ಕಣಗಳೇ ಚಿತ್ರದ ತುಂಬ ಬರುತ್ತವೆ. ಒಂದು ವಿನಂತಿ: ಹಾಜರಿ ಪುಸ್ತಕ, ಪಗಾರದ ಚೀಟಿಗಳಲ್ಲಿ ಜನರ ಹೆಸರು, ಹೆಬ್ಬೆಟ್ಟು ಇರುತ್ತವೆ. ಅವನ್ನು ಎಲ್ಲರೂ ನೋಡುವ ಕಡೆ ಹಾಕಬೇಡಿ.

ಪ್ರಶ್ನೆ: ನೋಡಿ ಬಂದ ಮೇಲೆ ಏನು? ನೆನಪಿಗೆ ಒಂದು ಪುಲ್ಲಿ, ಒಂದು ಬೋರ್ಡು ತಂದರೆ ಹಾಳಾಗುವುದಾದರೂ ತಪ್ಪುತ್ತದಲ್ಲ?
*ಗೃಹಿಣಿ, ಬಳ್ಳಾರಿ*

ತರಬಾರದು. ಅದು ಕಳ್ಳತನ ಎಂಬುದು ಒಂದು, ಜಾಗ ಬಿಟ್ಟು ಕದಲಿದ ಪುಲ್ಲಿ ಬರೀ ಕಬ್ಬಿಣ ಎಂಬುದು ಇನ್ನೊಂದು. ಅದು ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ, ಯಾವುದನ್ನು ತಿರುಗಿಸುತ್ತಿತ್ತು ಎಂಬುದರಲ್ಲೇ ಅದರ ಬೆಲೆ.

ತರಬೇಕಾದದ್ದು ನಕ್ಷೆ. 30 ಮೀಟರ್ ಟೇಪು, ಗೆರೆಕಾಗದ, ಪೆನ್ಸಿಲ್, ಇಬ್ಬರು ಜನ. ಮೊದಲು ಹೊರಸುತ್ತು ಅಳೆಯಿರಿ, ಆಮೇಲೆ ಪ್ರತಿ ಕೋಣೆಯ ನಾಲ್ಕು ಬದಿಯ ಜೊತೆಗೆ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನೂ ಅಳೆಯಿರಿ. ಕರ್ಣ ಬಿಟ್ಟರೆ ಓರೆಯಾದ ಕೋಣೆ ಕಾಗದದ ಮೇಲೆ ಚೌಕವಾಗಿಬಿಡುತ್ತದೆ. ಗೋಡೆಯ ದಪ್ಪವನ್ನು ಬಾಗಿಲಲ್ಲಿ ಹಿಡಿಯಿರಿ. 1:100 ಅಳತೆಯಲ್ಲಿ ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಎಂದು ಬರೆದರೆ ಸಾಧಾರಣ ಜಿನ್ ಮನೆ ಎ3 ಹಾಳೆಯಲ್ಲಿ ಹಿಡಿಸುತ್ತದೆ. ಅಳೆದದ್ದನ್ನು ಅಲ್ಲೇ ಬರೆಯಬೇಕು, ಮನೆಗೆ ಬಂದು ನೆನಪಿನಿಂದ ಬರೆದರೆ ಒಂದಲ್ಲ ಒಂದು ಅಂಕಿ ತಪ್ಪುತ್ತದೆ. ಗೋಡೆ ಬಿದ್ದು ಹತ್ತಿರ ಹೋಗಲಾಗದ ಭಾಗವನ್ನು ಚುಕ್ಕೆಗೆರೆಯಲ್ಲಿ ತೋರಿಸಿ, ಊಹಿಸಿ ತುಂಬಬೇಡಿ.

ನಕ್ಷೆ ಕೈಗೆ ಬಂದ ಮೇಲೆ ಅಲ್ಲಿ ದುಡಿದವರ ಮನೆಗೆ ಹೋಗಿ. ಬಳ್ಳಾರಿ, ರಾಯಚೂರಿನ ಜಿನ್‌ಗಳಲ್ಲಿ ಹತ್ತಿ ಆಯುವ, ಜಿನ್‌ಗೆ ಹತ್ತಿ ಹಾಕುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಅವರ ಮಾತನ್ನು ಬರೆದುಕೊಂಡವರು ಕಡಿಮೆ. ನೀವು ಗೃಹಿಣಿ ಎಂದು ಬರೆದಿದ್ದೀರಿ, ನಿಮ್ಮ ಮುಂದೆ ಅವರು ಸಲೀಸಾಗಿ ಮಾತಾಡುತ್ತಾರೆ. “ಆಗಿನ ಕಾಲ ಹೇಗಿತ್ತು ಅವ್ವಾ” ಎಂದು ಕೇಳಿದರೆ “ಚಲೋ ಇತ್ತು” ಎಂದು ಮುಗಿಸುತ್ತಾರೆ. ನಕ್ಷೆ ಹಾಸಿ “ನೀವು ನಿಲ್ಲತಿದ್ದ ಜಾಗ ಯಾವುದವ್ವಾ? ಕೂಸನ್ನ ಎಲ್ಲಿ ಮಲಗಸ್ತಿದ್ರಿ? ನೀರು ಎಲ್ಲಿಂದ ತರ್ತಿದ್ರಿ?” ಎಂದು ಕೇಳಿ. ಬೆರಳಿಟ್ಟು ತೋರಿಸುತ್ತಾ ಹೋಗುತ್ತಾರೆ, ಕೆಮ್ಮು ಯಾವಾಗ ಶುರುವಾಯಿತು ಎಂಬುದನ್ನೂ ಹೇಳುತ್ತಾರೆ. ಹತ್ತಿಯ ಧೂಳಿನಿಂದ ಬರುವ ಎದೆಬಿಗಿತ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಜೋರಾಗಿರುತ್ತಿತ್ತು, ಅದನ್ನು ಕೇಳಿ ಬರೆದುಕೊಳ್ಳಿ.

ನಕ್ಷೆ, ಫೋಟೋ, ಮಾತಿನ ಬರಹ ಮೂರನ್ನೂ ಮೂರು ಪ್ರತಿ ಮಾಡಿ: ಮಾಲೀಕರಿಗೊಂದು, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೊಂದು, ಮಾತಾಡಿದವರ ಮನೆಗೊಂದು. ಮೂರನೆಯ ಪ್ರತಿಯಲ್ಲಿ ಅಕ್ಷರ ದೊಡ್ಡದಾಗಿರಲಿ, ಅವರು ನಿಂತಿದ್ದ ಜಾಗಕ್ಕೆ ಕೆಂಪು ಗುರುತು ಹಾಕಿ ಕೊಡಿ.